ಹಟಮಾರಿ ನಾಯಿಗೆ ಉಪವಾಸವೇ ಮದ್ದು ಎಂಬ ಸಂದೇಶ: ಸತ್ಯಾಂಶ

ಪೊಮೆರೇನಿಯನ್, ಚಿವಾವಾದಂತಹ ಪುಟ್ಟ ನಾಯಿ ಊಟ ಬಿಟ್ಟರೆ ಎರಡು ಮೂರು ದಿನ ಏನೂ ಹಾಕಬೇಡಿ, ತಾನೇ ದಾರಿಗೆ ಬರುತ್ತೆ. ಇಂಥ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಸಲಹೆ ಮಾತ್ರ ತಪ್ಪು.

ಪುಟ್ಟ ತಳಿಯ ಮರಿಗಳ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ಬಹಳ ಕಡಿಮೆ. ಕೆಲವೇ ಗಂಟೆ ಹೊಟ್ಟೆ ಖಾಲಿಯಿದ್ದರೂ ರಕ್ತದ ಸಕ್ಕರೆ ಕುಸಿಯಬಹುದು. ಆಗ ಮರಿ ತೂರಾಡುತ್ತದೆ, ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ಬೆಳೆದ ನಾಯಿಯೂ ಊಟ ಬಿಡುವುದು ಹಟಕ್ಕೇ ಅಂತೇನಿಲ್ಲ. ಹಲ್ಲುನೋವು, ಹೊಟ್ಟೆಯ ತೊಂದರೆ ಇರಬಹುದು. 24 ಗಂಟೆ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ಮರಿಯಾದರೆ ಅಷ್ಟು ಹೊತ್ತೂ ಕಾಯಬೇಡಿ.

ಈ ಸಂದೇಶದಲ್ಲಿ ಒಂದು ಚೂರು ನಿಜವೂ ಇದೆ. ಆರೋಗ್ಯವಾಗಿರುವ ಬೆಳೆದ ನಾಯಿಗೆ ಊಟ ಇಟ್ಟು 15-20 ನಿಮಿಷಕ್ಕೆ ತಟ್ಟೆ ತೆಗೆದುಬಿಡಬಹುದು. ಮುಂದಿನ ಊಟ ಮಾತ್ರ ಹೊತ್ತಿಗೆ ಸರಿಯಾಗಿ ಕೊಡಬೇಕು. ನಡುವೆ ಬಿಸ್ಕತ್ತು ಬೇಡ (ಬಹಳ ಮನೆಗಳಲ್ಲಿ ಅಸಲಿ ಕಾರಣ ಇದೇ, ಅಲ್ವಾ?). ಹೊಸ ಆಹಾರವನ್ನು ಹಳೆಯದರ ಜೊತೆ ಬೆರೆಸುತ್ತಾ 7-10 ದಿನದಲ್ಲಿ ಬದಲಿಸಿ. ರುಚಿಗೆ ಅಂತ ಈರುಳ್ಳಿ ಹಾಕಿದ ಸಾರು ಕಲಸಬೇಡಿ, ಈರುಳ್ಳಿ ನಾಯಿಗೆ ವಿಷ.

ಇಂಥ ಸಲಹೆ ಬಂದಾಗ ನಾಯಿಯ ವಯಸ್ಸು, ತೂಕ, ಕಾಯಿಲೆ ಬಗ್ಗೆ ಏನಾದರೂ ಹೇಳಿದೆಯೇ ನೋಡಿ. ಎಲ್ಲ ನಾಯಿಗೂ ಒಂದೇ ಮಾತು ಹೇಳಿದ್ದರೆ ಅನುಮಾನಪಡಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಮನೆಯಲ್ಲೇ ನಾಯಿಯ ತೂಕದ ಮೇಲೂ ಕಣ್ಣಿಡಿ: ಅದನ್ನು ಎತ್ತಿಕೊಂಡು ತೂಕ ನೋಡಿ, ಅದರಲ್ಲಿ ನಿಮ್ಮೊಬ್ಬರ ತೂಕ ಕಳೆದರೆ ನಾಯಿಯ ತೂಕ ಸಿಗುತ್ತದೆ. ವಾರವಾರ ಬರೆದಿಟ್ಟರೆ ಇಳಿಯುತ್ತಿದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ.