ನದಿಗೊಂದು ಪಾಲುಪಟ್ಟಿ

ಮಿಸಿಸಿಪ್ಪಿಯನ್ನು ಪಳಗಿಸಲು ಅಮೆರಿಕದ ಸೇನಾ ಎಂಜಿನಿಯರುಗಳು ಹಿಡಿದ ದಾರಿ ಬಹಳ ಸರಳ: ನೀರು ಏರಿದರೆ ಒಡ್ಡನ್ನೂ ಏರಿಸುವುದು. ಹರಡಿಕೊಳ್ಳಲು ಜಾಗವಿಲ್ಲದ ನೀರು ಇನ್ನೂ ಏರುತ್ತದೆ ಎಂದು ಎಂಜಿನಿಯರ್ ಚಾರ್ಲ್ಸ್ ಎಲೆಟ್ 1852ರಲ್ಲೇ ಬರೆದುಕೊಟ್ಟಿದ್ದ. 1861ರಲ್ಲಿ ಸೇನೆಯ ಎಂಜಿನಿಯರುಗಳಾದ ಹಂಫ್ರೀಸ್ ಮತ್ತು ಅಬಟ್ ಅದಕ್ಕಿಂತ ಬಲು ದಪ್ಪನೆಯ ವರದಿ ತಂದು, ನೀರಿಗೆ ಬೇರೆ ದಾರಿ ಬಿಡುವ ಮಾತನ್ನೇ ತಳ್ಳಿಹಾಕಿದರು. ತೂಕದಲ್ಲಿ ಗೆದ್ದದ್ದೇ ಜಲಶಾಸ್ತ್ರವಾಯಿತು. ಪ್ರವಾಹದ ಹಾನಿ ತಡೆಯಲು ಒಡ್ಡುಗಳು ಈಗ ಸಮರ್ಥವಾಗಿವೆ ಎಂದು 1926ರಲ್ಲಿ ಸೇನಾ ಎಂಜಿನಿಯರುಗಳ ಇಲಾಖೆ ತನಗೆ ತಾನೇ ಪ್ರಮಾಣಪತ್ರವನ್ನೂ ಕೊಟ್ಟುಕೊಂಡಿತು.

ಮರುವರ್ಷವೇ ಒಡ್ಡುಗಳು ಸಾಲುಸಾಲಾಗಿ ಒಡೆದವು. ನ್ಯೂ ಆರ್ಲಿಯನ್ಸಿನ ಬ್ಯಾಂಕ್ ಧಣಿಗಳಿಗೆ ಆಗ ಜ್ಞಾನೋದಯ: ನಗರ ಉಳಿಯಬೇಕಾದರೆ ಕೆಳಗಿನವರ ಒಡ್ಡು ಒಡೆಯಬೇಕು! ಏಪ್ರಿಲ್ 29ರಂದು ನಗರದ ಕೆಳಗಿನ ಕೆರ್ನಾರ್ವನ್‌ನಲ್ಲಿ ಡೈನಮೈಟ್ ಇಟ್ಟರು. ನೋಡಲು ಗಣ್ಯರು ಅನುಮತಿ ಚೀಟಿ ಹಿಡಿದು ಬಂದಿದ್ದರು. ಒಡ್ಡು ಜಗ್ಗಲಿಲ್ಲ, ಹಲವು ದಿನ ಸಿಡಿಸಬೇಕಾಯಿತು. ಪ್ರವಾಹಕ್ಕೆ ಶರಣಾದ ಇಲಾಖೆಯ ಒಡ್ಡು, ಇಲಾಖೆಯ ಅಪ್ಪಣೆಗೆ ಮಾತ್ರ ಇಷ್ಟು ಬಿಗಿಯಾಗಿ ನಿಂತಿತು. ಅಷ್ಟರಲ್ಲಿ ಮೇಲ್ಭಾಗದ ಒಡ್ಡುಗಳು ತಾವಾಗಿಯೇ ಒಡೆದು, ನಗರಕ್ಕಿದ್ದ ಅಪಾಯ ಹೇಗೂ ತಪ್ಪಿಹೋಯಿತು. ಮನೆಮಠ ಮುಳುಗಿದ ಸೇಂಟ್ ಬರ್ನಾರ್ಡ್ ಮತ್ತು ಪ್ಲಾಕಮಿನ್ಸ್ ಜನರಿಗೆ ಪೂರ್ತಿ ಪರಿಹಾರದ ಭರವಸೆ ಸಿಕ್ಕಿತ್ತು. ಬಹುತೇಕರ ಕೈಗೆ ಬಂದದ್ದೂ ಆ ಭರವಸೆಯೇ.

ಬಳಿಕ ನದಿಯೇ ದಾರಿ ಬದಲಿಸಿ ತನ್ನ ಕವಲಾದ ಅಚಫಲಾಯ ಕಡೆ ಹೊರಟಿತು. ಸರ್ಕಾರ ಸುಮ್ಮನಿರುತ್ತದೆಯೇ? ಶೇ. 70 ಇಲ್ಲಿಗೆ, ಶೇ. 30 ಅಲ್ಲಿಗೆ ಎಂದು ಅಣ್ಣತಮ್ಮಂದಿರಿಗೆ ಹಂಚಿದಂತೆ ಪಾಲುಪಟ್ಟಿ ಬರೆದು, 1963ರಲ್ಲಿ ಎರಡನ್ನೂ ಜೋಡಿಸುವ ಓಲ್ಡ್ ರಿವರ್‌ನಲ್ಲಿ ನೀರು ತಡೆಯುವ ಬಾಗಿಲುಗಳನ್ನು ನಿಲ್ಲಿಸಿತು. 1973ರ ಪ್ರವಾಹ ಆ ಕಟ್ಟಡದ ಬುಡವನ್ನೇ ಕೊರೆಯಿತು. ಉಪಾಯವೇನು? ಪಕ್ಕದಲ್ಲಿ ಇನ್ನೊಂದು ಕಟ್ಟಡ.

ಇತ್ತ ಒಡ್ಡುಗಳ ನಡುವೆ ಸಿಕ್ಕಿಬಿದ್ದ ಹೂಳು, ಮುಖಜಭೂಮಿಯನ್ನು ಕಟ್ಟುವುದು ಬಿಟ್ಟು ನೇರ ಆಳಗಡಲಿಗೆ ಬೀಳತೊಡಗಿತು. ತೈಲ ಕಂಪನಿಗಳು ತೋಡಿದ ಕಾಲುವೆಗಳ ಕೈವಾಡವೂ ಸೇರಿ, 1932ರಿಂದೀಚೆಗೆ ಲೂಸಿಯಾನಾ ಕರಾವಳಿಯ ಸುಮಾರು 4,800 ಚದರ ಕಿಲೋಮೀಟರ್ ನೆಲ ನೀರುಪಾಲಾಗಿದೆ. ನೆರೆಯಿಂದ ಕಾಪಾಡಬೇಕಿದ್ದ ನೆಲವೇ ಇಲ್ಲದ ಮೇಲೆ ಪ್ರವಾಹ ನಿಯಂತ್ರಣ ಎಷ್ಟು ಸಲೀಸು!

ಕೊನೆಗೆ ಎಲೆಟ್ ಹೇಳಿದ್ದು ನಾಟಿತು. ಒಡ್ಡಿನಲ್ಲಿ ಕಂಡಿ ಬಿಟ್ಟು ಹೂಳನ್ನು ಬರಟೇರಿಯಾ ಜೌಗಿಗೆ ಹರಿಸುವ, ಸುಮಾರು 300 ಕೋಟಿ ಡಾಲರಿನ ಯೋಜನೆಗೆ 2023ರಲ್ಲಿ ಅದೇ ಪ್ಲಾಕಮಿನ್ಸ್‌ನಲ್ಲಿ ಗುದ್ದಲಿಪೂಜೆ ನಡೆಯಿತು. ಸಿಹಿನೀರು ನುಗ್ಗಿದರೆ ಸಿಂಪಿ ಸಾಕಣೆ ಹಾಳಾಗುತ್ತದೆ ಎಂದು ಮೀನುಗಾರರು ಎದ್ದುನಿಂತರು. ಅವರ ಭಯ ಸುಳ್ಳಲ್ಲ, ಆ ಊರಿಗೆ ಭರವಸೆಗಳ ರುಚಿ ಗೊತ್ತಿದೆ. 2025ರ ಜುಲೈಯಲ್ಲಿ ರಾಜ್ಯ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಅಷ್ಟರಲ್ಲಿ 60 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿತ್ತು. ಒಡ್ಡು ಭದ್ರವಾಗಿದೆ.