ಬೆನ್ನು ನೋವಿನ ಮೂಲಪುರುಷ

ಕಳೆದ ತಿಂಗಳು ಅಕ್ಕಿ ಮೂಟೆ ಎತ್ತಲು ಹೋಗಿ ಬೆನ್ನು ಹಿಡಿದುಕೊಂಡಿತು. 25 ಕೆಜಿ ಮೂಟೆ. ಅರ್ಧಕ್ಕೆ ಎತ್ತಿದ್ದೆ ಅಷ್ಟೆ. ಮೂಟೆ ಅಲ್ಲೇ ಕೂತಿತು, ಪಕ್ಕದಲ್ಲಿ ನಾನೂ ಕೂತೆ. "ನಿಮಗ್ಯಾಕ್ರೀ ಬೇಕಿತ್ತು ಈ ಉಸಾಬರಿ?" ಎಂದಳು ಹೆಂಡತಿ. ತಿರುಗಿ ಮಾತಾಡೋಕೂ ಬೆನ್ನು ಬೇಕು ಅಂತ ಅವತ್ತು ಗೊತ್ತಾಯಿತು.

ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಅದರಲ್ಲಿ ನಾನಿರಲಿಲ್ಲ, ನನ್ನ ಮೂಳೆಗಳಿದ್ದವು. "ಮೂಳೆ ಸರಿಯಾಗಿದೆ. ಡಿಸ್ಕ್ ಜಾರಿರಬಹುದು. ಅದು ಮೆತ್ತಗಿರುತ್ತಲ್ಲ, ಇದರಲ್ಲಿ ಕಾಣಲ್ಲ" ಎಂದರು. ಹದಿನೈದು ದಿನ ಚಾಪೆ ಹಿಡಿಯಿರಿ ಎಂದು ಕಳಿಸಿದರು.

ಮಲಗಿದವನಿಗೆ ಯೋಚನೆಗೇನು ಬರ? ಭೂಮಿಯ ಹಳೇ ಆಲ್ಬಮ್ಮೂ ಈ ಎಕ್ಸ್‌ರೇ ಥರವೇ ಅಲ್ವಾ ಅನಿಸಿತು. ಪಳೆಯುಳಿಕೆ ಅಂದರೆ ಸಾಮಾನ್ಯವಾಗಿ ಮೂಳೆ, ಹಲ್ಲು, ಚಿಪ್ಪು. ಮೆತ್ತಗಿದ್ದದ್ದೆಲ್ಲ ಕೊಳೆತು ಹೋಗಿರುತ್ತದೆ, ಇಲ್ಲವೇ ಇನ್ಯಾರದೋ ಹೊಟ್ಟೆ ಸೇರಿರುತ್ತದೆ.

ಅಪರೂಪಕ್ಕೆ ಉಳಿಯುವುದೂ ಉಂಟು. ಕೆನಡಾದ ರಾಕಿ ಬೆಟ್ಟಗಳಲ್ಲಿ ಬರ್ಜೆಸ್ ಶೇಲ್ ಎಂಬ ಕಲ್ಲಿನ ಪದರವಿದೆ. ಸುಮಾರು 50.8 ಕೋಟಿ ವರ್ಷಗಳ ಹಿಂದೆ ಅದು ಕಡಲ ತಳ. ನುಣ್ಣನೆಯ ಕೆಸರು ಜಾರಿ ಬಂದು ಅಲ್ಲಿದ್ದ ಜೀವಿಗಳನ್ನು ಇದ್ದ ಹಾಗೇ ಮುಚ್ಚಿತು. ಒಳಗೆ ಗಾಳಿ ಆಡಲಿಲ್ಲ, ಬೇಗ ಕೊಳೆಯಲಿಲ್ಲ. ಶಾಲೆಯ ಪುಸ್ತಕದಲ್ಲಿ ಅರಳಿ ಎಲೆ ಇಟ್ಟು ಮರೆತುಬಿಡುತ್ತಿದ್ದೆವಲ್ಲ, ಹಾಗೆ. ಕಾಲು, ಕಣ್ಣು, ಕೆಲವದರ ಕರುಳು ಕೂಡ ಕಲ್ಲಿನ ಮೇಲೆ ಕಪ್ಪು ಅಚ್ಚಾಗಿ ಉಳಿದಿವೆ.

1909ರಲ್ಲಿ ಅದು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥ ಚಾರ್ಲ್ಸ್ ವಾಲ್ಕಾಟ್ ಕಣ್ಣಿಗೆ ಬಿತ್ತು. ಅವರ ಹೆಂಡತಿಯ ಕುದುರೆ ಒಂದು ಕಲ್ಲಿಗೆ ಎಡವಿತಂತೆ, ಆ ಕಲ್ಲು ಒಡೆದು ನೋಡಿದರೆ ಇವೆಲ್ಲ ಸಿಕ್ಕವಂತೆ. ಕಥೆ ಚೆನ್ನಾಗಿದೆ, ವಾಲ್ಕಾಟ್ ಬರೆದಿಟ್ಟ ದಿನಚರಿ ಮಾತ್ರ ಅದನ್ನು ಒಪ್ಪುವುದಿಲ್ಲ. ಆಮೇಲೆ ಎಷ್ಟೋ ಬೇಸಿಗೆ ಅಲ್ಲಿಗೆ ಹೋಗಿ 65,000ಕ್ಕೂ ಹೆಚ್ಚು ಮಾದರಿ ಹೊತ್ತು ತಂದರು. ಅವರ ಬೆನ್ನು ಎಂಥದ್ದೋ!

ಅಲ್ಲಿ ಸಿಕ್ಕ ಒಪಬಿನಿಯಾ ಎಂಬ ಜೀವಿಗೆ ಐದು ಕಣ್ಣು. ಮುಂದೊಂದು ಸೊಂಡಿಲು, ಅದರ ತುದಿಗೆ ಇಕ್ಕಳ. 1972ರಲ್ಲಿ ಪಳೆಯುಳಿಕೆ ತಜ್ಞ ಹ್ಯಾರಿ ವಿಟಿಂಗ್ಟನ್ ಇದರ ಚಿತ್ರ ತೋರಿಸಿದಾಗ ಸಭೆಯಲ್ಲಿದ್ದ ವಿಜ್ಞಾನಿಗಳು ಜೋರಾಗಿ ನಕ್ಕರಂತೆ. ಇನ್ನು ಹಲ್ಯುಸಿಜೀನಿಯಾ. ಅದರ ಬೆನ್ನ ಮೇಲಿನ ಮುಳ್ಳುಗಳನ್ನೇ ಕಾಲು ಎಂದುಕೊಂಡು, 1977ರಿಂದ 1991ರವರೆಗೆ ಪಾಪದ ಪ್ರಾಣಿಯನ್ನು ತಲೆಕೆಳಗಾಗಿ ನಿಲ್ಲಿಸಿದ್ದರು. ಹದಿನಾಲ್ಕು ವರ್ಷ! ನನಗೆ ಹದಿನೈದು ದಿನಕ್ಕೇ ಸಾಕಾಗಿತ್ತು.

ನನ್ನ ಕಕ್ಕುಲಾತಿಯೆಲ್ಲ ಪಿಕಾಯಿಯಾ ಮೇಲೆ. ಕಿರುಬೆರಳಿನಷ್ಟುದ್ದದ, ಚಪ್ಪಟೆ ಮೈಯ, ಬಳುಕುತ್ತಾ ಈಜುತ್ತಿದ್ದ ಜೀವಿ. ವಾಲ್ಕಾಟ್ ಇದನ್ನು ಹುಳುಗಳ ಜೊತೆ ಸೇರಿಸಿದ್ದರು. ಆಮೇಲೆ ನೋಡಿದರೆ ಇದು ನಮ್ಮ ಕಡೆಯದು! ಮೈಯುದ್ದಕ್ಕೂ ಬಾಗುವ ಸರಳೊಂದು ಇರುವ ವಂಶದ್ದು. ನಾವು ತಾಯಿ ಹೊಟ್ಟೆಯಲ್ಲಿದ್ದಾಗ ನಮಗೂ ಆ ಸರಳು ಮೂಡುತ್ತದೆ. ಮೂಳೆ ಬಂದ ಮೇಲೆ ಅದು ಕರಗುತ್ತದೆ, ಆದರೆ ಪೂರ್ತಿ ಅಲ್ಲ. ಡಿಸ್ಕಿನೊಳಗಿನ ಲೋಳೆ ಬರುವುದು ಅದರಿಂದಲೇ. ಅಂದರೆ ನನ್ನ ಬೆನ್ನಲ್ಲಿ ಜಾರಿದ್ದು ಇದೇ ಹಳೇ ಮಾಲು.

ಪಿಕಾಯಿಯಾ ನಮ್ಮ ನೇರ ಮುತ್ತಜ್ಜ ಅಲ್ಲದಿರಬಹುದು. ಚೀನಾದ ಚೆಂಗ್‌ಜಿಯಾಂಗ್‌ನಲ್ಲಿ ಅದಕ್ಕಿಂತ ಹಳೆಯ, ಮೀನಿನಂಥ ಜೀವಿಗಳೇ ಸಿಕ್ಕಿವೆ. ದೂರದ ದೊಡ್ಡಪ್ಪ ಎಂದುಕೊಳ್ಳೋಣ.

ಈ ವಂಶ ಆ ಕಾಲದಲ್ಲೇ ಅಳಿದುಹೋಗಿದ್ದರೆ? ಜೀವವಿಕಾಸದ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರೆ ಬೇರೆಯೇ ಹಾಡು ಬರುತ್ತದೆ ಎಂದು 1989ರಲ್ಲಿ ಪಳೆಯುಳಿಕೆ ತಜ್ಞ ಸ್ಟೀಫನ್ ಜೇ ಗೌಲ್ಡ್ ವಾದಿಸಿದರು. ಉಳಿದವು ಜಾಣತನದಿಂದ ಉಳಿಯಲಿಲ್ಲ, ಲಾಟರಿ ಹೊಡೆಯಿತು ಅಷ್ಟೆ ಎಂಬ ಮಾತು. ಇನ್ನೊಬ್ಬ ತಜ್ಞ ಸೈಮನ್ ಕಾನ್ವೇ ಮಾರಿಸ್ ಇದನ್ನು ಒಪ್ಪಲಿಲ್ಲ. ಹಲ್ಯುಸಿಜೀನಿಯಾವನ್ನು ತಲೆಕೆಳಗೆ ನಿಲ್ಲಿಸಿದವರು ಇವರೇ! ಆಕ್ಟೋಪಸ್ಸಿಗೂ ನಮಗೂ ಬೇರೆ ಬೇರೆ ದಾರಿಯಲ್ಲಿ ಒಂದೇ ಥರದ ಕಣ್ಣು ಬಂದಿಲ್ಲವೇ, ಹಾಡು ಸುಮಾರಾಗಿ ಅದೇ ಬರುತ್ತದೆ ಎನ್ನುತ್ತಾರೆ. ಕಣ್ಣು ಬರುತ್ತಿತ್ತೇನೋ, ಒಪ್ಪೋಣ. ಆದರೆ ಹೆಂಡತಿ ಬೇಡ ಅಂದರೂ ಮೂಟೆ ಎತ್ತುವ ಗಂಡಸು? ನನಗೆ ಅನುಮಾನ. ಬೆನ್ನೇ ಇಲ್ಲದಿದ್ದರೆ ಬೆನ್ನು ನೋವೂ ಇರುತ್ತಿರಲಿಲ್ಲ ಎಂದು ಸಮಾಧಾನಪಡಲು ನಾನೂ ಇರುತ್ತಿರಲಿಲ್ಲ.

2024ರಲ್ಲಿ ಪಿಕಾಯಿಯಾದ್ದೂ ಹಲ್ಯುಸಿಜೀನಿಯಾದ ಕಥೆಯೇ ಆಯಿತು. ಕಲ್ಲಿನ ಅಚ್ಚುಗಳನ್ನು ಮತ್ತೆ ನೋಡಿದ ಸಂಶೋಧಕರು, ಇಷ್ಟು ವರ್ಷ ಇದನ್ನೂ ತಲೆಕೆಳಗೆ ಹಿಡಿದಿದ್ದೆವು ಎಂದರು. ನಾವು ಬೆನ್ನು ಅಂದುಕೊಂಡಿದ್ದು ಅದರ ಹೊಟ್ಟೆಯಂತೆ.

ಅದನ್ನು ಓದಿ ಮೊಬೈಲ್ ಪಕ್ಕಕ್ಕಿಟ್ಟೆ. ಚಾಪೆಯ ಮೇಲೆ ಮೆಲ್ಲಗೆ ಮಗುಚಿ ಬೋರಲಾಗಿ ಮಲಗಿದೆ. ನೋವು ಸ್ವಲ್ಪ ಕಮ್ಮಿ ಅನಿಸಿತು.