ಪರದೆಯ ಮೇಲಿನ ಸೇತುವೆಗೆ ತುಕ್ಕು ಹಿಡಿಯುವುದಿಲ್ಲ

ಹಳೆಯ ಸೇತುವೆಯೊಂದರ ಡಿಜಿಟಲ್ ಮಾದರಿಯ, ಅಂದರೆ ಸೆನ್ಸರುಗಳ ಅಳತೆ ಉಣಿಸಿ ಕಂಪ್ಯೂಟರಿನಲ್ಲಿ ಕಟ್ಟಿದ ಪ್ರತಿರೂಪದ, ಪ್ರದರ್ಶನವನ್ನು ಈಗಷ್ಟೇ ನೋಡಿ ಬಂದೆ. ತೊಲೆಗಳು ಹಸಿರು, ಹಳದಿ, ಕೆಂಪಾಗಿ ಹೊಳೆದವು, ಚಪ್ಪಾಳೆಯೂ ಬಿತ್ತು. ಆ ಸೇತುವೆಯ ಬೇರಿಂಗುಗಳನ್ನು (ತೊಲೆಗಳು ಕಂಬಗಳ ಮೇಲೆ ಕೂರುವ ಆಸರೆಗಳನ್ನು) ಕೊನೆಯ ಬಾರಿ ಶುಚಿಗೊಳಿಸಿದ್ದು ಯಾವಾಗ ಎಂದು ಕೇಳಿದ್ದಕ್ಕೆ, ಅದು ಬೇರೆ ವಿಭಾಗದ ಕೆಲಸವೆಂಬ ಉತ್ತರ ದೊರೆಯಿತು. ನನ್ನ ಸಿಟ್ಟಿನ ಪರಿಚಯವಿರುವ ಸ್ನೇಹಿತರು ಮುಂದಿನದನ್ನು ಊಹಿಸಿಕೊಳ್ಳಬಹುದು.

ಅಮೆರಿಕದ ಪಿಟ್ಸ್‌ಬರ್ಗ್‌ನ ಫರ್ನ್ ಹಾಲೋ ಸೇತುವೆ 2022ರ ಜನವರಿ 28ರಂದು ಕುಸಿದದ್ದು ಮಾಹಿತಿಯ ಕೊರತೆಯಿಂದಲ್ಲ. ನೀರು ಹರಿದುಹೋಗುವ ಕಿಂಡಿಗಳು ಕಟ್ಟಿಕೊಂಡಿವೆ, ಕಾಲುಗಳ ಉಕ್ಕನ್ನು ತುಕ್ಕು ತಿನ್ನುತ್ತಿದೆ ಎಂದು ತಪಾಸಣಾ ವರದಿಗಳು ವರ್ಷಗಟ್ಟಲೆ ಹೇಳುತ್ತಲೇ ಇದ್ದವು. ಕಿಂಡಿಯ ಕೆಸರು ತೆಗೆಯಲು ಯಾರೂ ಮುಂದಾಗಲಿಲ್ಲ. ಸಾಲದೆಂಬಂತೆ, ಸೇತುವೆ ತಾಳಬಲ್ಲ ಭಾರದ ಲೆಕ್ಕದಲ್ಲಿ ಡಾಂಬರಿನ ದಪ್ಪವನ್ನು ಇದ್ದುದಕ್ಕಿಂತ ಕಡಿಮೆ ಹಿಡಿಯಲಾಗಿತ್ತು. ಅದೇ ಅಂಕಿಯನ್ನು ಡಿಜಿಟಲ್ ಮಾದರಿಗೆ ಉಣಿಸಿದ್ದರೆ, ಅದೇ ಸುಳ್ಳನ್ನು ಅದು ಮೂರು ಆಯಾಮಗಳಲ್ಲಿ ಹೇಳುತ್ತಿತ್ತು, ಅಷ್ಟೆ.

ಕಣ್ಣಿಗೆ ಕಾಣದ್ದನ್ನು ಸೆನ್ಸರ್ ಹಿಡಿಯುತ್ತದಲ್ಲವೇ ಎನ್ನುವಿರಿ. ಹಿಡಿಯುತ್ತದೆ, ಕಾಂಕ್ರೀಟಿನೊಳಗೆ ಉಕ್ಕಿನ ತಂತಿ ತುಂಡಾಗುವ ಸದ್ದನ್ನೂ ಅದು ಗುರುತಿಸಬಲ್ಲದು. ಆದರೆ 2018ರಲ್ಲಿ 43 ಜನರನ್ನು ಬಲಿ ತೆಗೆದುಕೊಂಡ ಇಟಲಿಯ ಜಿನೋವಾದ ಮೊರಾಂಡಿ ಸೇತುವೆಯನ್ನು ನೆನೆಯಿರಿ. ಅದರ ಒಂದು ಗೋಪುರದ ತಂತಿಗಳು ಹಾಳಾಗಿರುವುದು 1990ರ ದಶಕದಲ್ಲೇ ತಿಳಿದು, ಆ ಗೋಪುರವನ್ನು ಬಲಪಡಿಸಲಾಗಿತ್ತು. ಬಿದ್ದದ್ದು, ಹಾಗೆ ಬಲಪಡಿಸದೆ ಬಿಟ್ಟಿದ್ದ ಇನ್ನೊಂದು ಗೋಪುರ.

ನಿಜ ಹೇಳಬೇಕೆಂದರೆ, ಕಂಪನದ ಗ್ರಾಫುಗಳ ಮುಂದೆ ಕುಳಿತರೆ ನನಗೂ ಹೊತ್ತು ಹೋದದ್ದು ತಿಳಿಯುವುದಿಲ್ಲ. ಬಿಸಿಲು ಚಳಿಗಳಿಗೇ ಸೇತುವೆಯ ಸಹಜ ಕಂಪನದ ಆವರ್ತನ ಏರಿಳಿಯುವುದರಿಂದ, ಸಣ್ಣ ಬಿರುಕಿನ ಸುಳಿವು ಆ ಏರಿಳಿತದಲ್ಲೇ ಮುಳುಗಿಹೋಗಬಹುದು; ಎರಡನ್ನೂ ಬೇರ್ಪಡಿಸಲು ಎಲ್ಲ ಋತುಗಳ ದತ್ತಾಂಶವೂ, ಅದನ್ನು ತಾಳ್ಮೆಯಿಂದ ಓದುವ ಎಂಜಿನಿಯರೂ ಬೇಕು. ಸೆನ್ಸರ್ ಖರೀದಿಗೆ ಹಣ ಸಲೀಸಾಗಿ ಮಂಜೂರಾಗುತ್ತದೆ, ಉದ್ಘಾಟನೆಯೂ ಆಗುತ್ತದೆ. ಕೆಟ್ಟ ಕೇಬಲ್ ಬದಲಿಸುವವನ ಸಂಬಳಕ್ಕೆ ಮಾತ್ರ ಪ್ರತಿ ವರ್ಷವೂ ಕೈಚಾಚಬೇಕು. ಚರಂಡಿ ಶುಚಿಗೊಳಿಸುವುದಕ್ಕೆ ರಿಬ್ಬನ್ ಕತ್ತರಿಸುವ ಪದ್ಧತಿ ಇನ್ನೂ ಬಂದಿಲ್ಲವಲ್ಲ!

ಎಚ್ಚರಿಕೆ ಬಂದ ಗಳಿಗೆಯಲ್ಲೇ ಸಂಚಾರ ನಿಲ್ಲಿಸುವ ಅಧಿಕಾರ ಯಾರಿಗಿದೆ, ದುರಸ್ತಿ ಎಷ್ಟು ದಿನದೊಳಗೆ ಆಗಬೇಕು, ಅದಕ್ಕೆ ಹಣ ಯಾವ ಬಾಬ್ತಿನಿಂದ ಬರುತ್ತದೆ ಎಂಬುದನ್ನು ಸೆನ್ಸರಿನ ಒಪ್ಪಂದದಲ್ಲೇ ಬರೆಯಲಿ. ಅದಿಲ್ಲದ ಯೋಜನೆಯನ್ನು ಮೆಚ್ಚಿ ಎರಡು ಸಾಲು ಬರೆದುಕೊಡಿ ಎಂದು ದಯವಿಟ್ಟು ಯಾರೂ ನನ್ನನ್ನು ಕೇಳಬೇಡಿ.